ಪುಡಿಕೋಣೆಯ ಪಕ್ಕದ ಹಾಸಿಗೆ

ಆ ಮನೆಯಲ್ಲಿ ಸಕ್ಕರೆಯನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕಾಯಿಸಿ, ಎಳೆದು, ಕತ್ತರಿಸಿ, ಪುಡಿಯಲ್ಲಿ ಹೊರಳಿಸಿ ಡಬ್ಬಿಗಳಿಗೆ ತುಂಬುವ ಜನಕ್ಕೆ ಅದರ ಮೇಲಿನ ಆಸೆ ಎಂದೋ ಬತ್ತಿಹೋಗಿತ್ತು. ಪೆಪ್ಪರಮೆಂಟು ಮಾಡುವವರ ಮನೆಯೆಂದು ಬೀದಿಯ ಮಕ್ಕಳು ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದರೆ, ಒಳಗೆ ಅಡುಗೆಮನೆಯಲ್ಲಿ ಕಾಫಿಯನ್ನು ಕೂಡ ಕಹಿಯಾಗಿಯೇ ಕುಡಿಯುತ್ತಿದ್ದರು.

ಹೀಗಿದ್ದುದರಿಂದ, ಬಸಿರಿನ ಆರನೆಯ ತಿಂಗಳಲ್ಲಿ ಸೊಸೆಗೆ ಸಕ್ಕರೆ ಕಾಯಿಲೆ ಕಾಣಿಸಿದೆಯೆಂದು ಆಸ್ಪತ್ರೆಯವರು ಹೇಳಿ ಕಳಿಸಿದಾಗ ಮಾವ ಮೊದಲು ನಕ್ಕುಬಿಟ್ಟರು. ಬೀದಿಯವರು ಅವರನ್ನು ಪಾಕದಯ್ಯ ಎನ್ನುತ್ತಿದ್ದರು. ತಾಮ್ರದ ಹಂಡೆಯಲ್ಲಿ ಕುದಿಯುವ ಪಾಕದ ಮುಂದೆ ನಿಂತು ನಿಂತೇ ಅವರ ಮೀಸೆ ಹಣ್ಣಾಗಿತ್ತು.

“ಸಿಹಿನೀರು ಕುಡಿಸಿದ್ರಂತೆ, ಆಮೇಲೆ ರಕ್ತ ತೆಗೆದು ಸಿಹಿ ಇದೆ ಅಂದ್ರಂತೆ. ಇನ್ನೇನು ಹುಳಿ ಇರುತ್ತಾ?”

“ನಗೋ ವಿಷಯ ಅಲ್ಲ ಇದು!” ಅತ್ತೆ ಸೌಟನ್ನು ಕುಕ್ಕಿದರು. “ಖಾಲಿ ಹೊಟ್ಟೇಲೂ ನೋಡಿದಾರೆ. ಬಸಿರಲ್ಲಿ ಮಾತ್ರ ಬರೋ ಸಕ್ಕರೆ ಅಂತೆ. ಹಾಗೇ ಬಿಟ್ರೆ ಮಗು ಮಿತಿಮೀರಿ ಬೆಳೆದು ಹೆರಿಗೆಗೇ ತೊಂದ್ರೆ ಆಗುತ್ತಂತೆ. ಒಂದೊಂದ್ಸಲ ಉಳಿಯೋದೂ ಇಲ್ವಂತೆ.”

ಆ ಕೊನೆಯ ಮಾತಿಗೆ ಎಲ್ಲರ ತುತ್ತೂ ತಟ್ಟೆಯಲ್ಲೇ ನಿಂತಿತು. ಇದಕ್ಕೆ ಹಿಂದೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಅದರ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

“ಈ ಗುಬ್ಬಿಗೆ ಎಲ್ಲಿಂದ ಬಂತಮ್ಮ ಸಕ್ಕರೆ?” ಎಂದರು ಮಾವ, ಈಗ ನಗದೆ. ತುತ್ತು ತುತ್ತಿಗೂ ಯೋಚಿಸಿ ತಿನ್ನುವ ಸೊಸೆಗೆ ಗುಬ್ಬಿಯೆಂದು ಹೆಸರಿಟ್ಟವರು ಅವರೇ. ಈಗ ಮನೆಮಂದಿಗೆಲ್ಲ ಅವಳು ಗುಬ್ಬಿಯೇ ಆಗಿದ್ದಳು.

ಮರುದಿನದಿಂದ ಅತ್ತೆ ಸೆರಗು ಬಿಗಿದರು. ಅನ್ನ ಅರ್ಧವಾಯಿತು, ಸೊಪ್ಪು, ಬೇಳೆ, ಮೊಟ್ಟೆ, ಸೌತೆಕಾಯಿ ತಟ್ಟೆ ತುಂಬಿದವು. ಪೆಪ್ಪರಮೆಂಟಿಗೆ ಕಾಗದ ಸುತ್ತುವ ಕೆಲಸದಿಂದ ಗುಬ್ಬಿಯನ್ನು ಬಿಡಿಸಿದರು. ಮಹಡಿಯ ಮೆಟ್ಟಿಲು ಹತ್ತಿಳಿಯುವುದು ಬೇಡವೆಂದು, ಕೆಳಗೆ ಪುಡಿಕೋಣೆಯ ಪಕ್ಕದಲ್ಲಿ ಖಾಲಿ ಡಬ್ಬಿಗಳನ್ನು ಒಟ್ಟಿದ್ದ ಸಣ್ಣ ಕೋಣೆಯನ್ನು ಸ್ವತಃ ಗುಡಿಸಿ, ಸಾರಿಸಿ, ಅವಳಿಗಾಗಿ ಕಬ್ಬಿಣದ ಮಂಚ ಹಾಕಿಸಿದರು. ಗೋಡೆಯಾಚೆ ಸಕ್ಕರೆಯನ್ನು ಹಿಟ್ಟಿನಂತೆ ಬೀಸುವ ಗಿರಣಿ ದಿನವಿಡೀ ಗುಂಯ್ ಎನ್ನುತ್ತಿತ್ತು. ಆ ಗೋಡೆಯ ಮೇಲ್ತುದಿಯಲ್ಲಿ ಒಂದು ಗವಾಕ್ಷಿ. ಬೆಳಗಿನ ಹೊತ್ತು ಅದರೊಳಗಿಂದ ಬೀಳುವ ಬೆಳಕಿನ ಕೋಲಿನಲ್ಲಿ ಏನೋ ಮಿನುಗುತ್ತ, ಅವಸರವಿಲ್ಲದೆ ಇಳಿಯುತ್ತಿತ್ತು.

ಊಟವಾದ ಮೇಲೆ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿ ನೋಡುವ ಯಂತ್ರವನ್ನು ಗಂಡ ಕೊಂಡುತಂದ. ಕೈ ತೊಳೆದೇ ಚುಚ್ಚಬೇಕೆಂದು ನರ್ಸ್ ಹೇಳಿದ್ದಳು. ಅದಕ್ಕೆಂದೇ ಅತ್ತೆ ಒಂದು ಹೊಸ ಟವೆಲನ್ನು ಕುದಿಸಿ ಒಣಗಿಸಿ, ಗವಾಕ್ಷಿಯ ಕೆಳಗಿನ ಮೊಳೆಗೆ ನೇತುಹಾಕಿದರು.

“ಇದನ್ನ ಬೇರೆ ಯಾರೂ ಮುಟ್ಟಕೂಡದು. ಗುಬ್ಬಿಗೆ ಮಾತ್ರ.”

ಗುಬ್ಬಿ ಹಿತ್ತಲ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದು, ಒಳಗೆ ಬಂದು, ಆ ಟವೆಲಿಗೆ ಒರೆಸಿಕೊಂಡು ಬೆರಳು ಚುಚ್ಚಿದಳು. ನೂರಿಪ್ಪತ್ತನ್ನು ದಾಟಕೂಡದೆಂದು ಹೇಳಿದ್ದ ಕಡೆ ಯಂತ್ರ ನೂರ ಅರವತ್ತೆಂದಿತು.

“ಹೊಸ ಮೆಷಿನ್ನು, ಒಗ್ಗಲಿ,” ಎಂದ ಗಂಡ.

ಅದು ಒಗ್ಗಲಿಲ್ಲ. ನೂರ ಎಂಬತ್ತಾಯಿತು, ಮತ್ತೊಂದು ದಿನ ಇನ್ನೂರರ ಹತ್ತಿರ ಬಂತು. ಅತ್ತೆ ಅನ್ನವನ್ನು ಹಿಡಿಯಷ್ಟಕ್ಕೆ ಇಳಿಸಿದರು. ಹಾಲು ನಿಂತಿತು, ಹಣ್ಣು ನಿಂತಿತು. ಗುಬ್ಬಿಯ ಕೆನ್ನೆ ಒಳಸರಿಯಿತು. ಸಂಖ್ಯೆ ಮಾತ್ರ ಜಗ್ಗಲಿಲ್ಲ. ವಾರದ ರಜೆಯ ದಿನ ಹೊರತು. ಆ ದಿನ ಗಿರಣಿ ನಿಂತಿರುತ್ತಿತ್ತು, ಅತ್ತೆ ಟವೆಲೂ ಸೇರಿ ಬಟ್ಟೆಗಳನ್ನೆಲ್ಲ ಒಗೆದು ಹಾಕುತ್ತಿದ್ದರು, ಎಲ್ಲರೂ ಮನೆಯಲ್ಲಿರುತ್ತಿದ್ದರು, ಸಂಖ್ಯೆ ಸಾಧುವಾಗಿ ಕೆಳಗಿಳಿಯುತ್ತಿತ್ತು.

ಅದನ್ನು ಮೊದಲು ಗಮನಿಸಿದವರು ಅತ್ತೆ.

“ನಾವೆಲ್ಲ ಕಣ್ಣೆದುರಿಗೆ ಇರೋ ದಿನ ಕಮ್ಮಿ. ನಾವು ಕೆಲಸಕ್ಕೆ ಇಳಿದ ದಿನ ಜಾಸ್ತಿ. ನಾನು ಏನಂತ ತಿಳ್ಕೋಬೇಕಮ್ಮ?”

“ನಾನು ಏನೂ ತಿಂದಿಲ್ಲ ಅತ್ತೆ.”

“ತಿಂದೆ ಅಂತ ನಾನಂದ್ನಾ? ಮೆಷಿನ್ ಅನ್ತಾ ಇದೆ.”

“ಬಿಡೇ, ಬಸುರಿ ಹೆಂಗಸು. ಒಂದು ತುಂಡು ಬಾಯಿಗೆ ಹಾಕಿದ್ರೆ ಹಾಕಿರ್ತಾಳೆ,” ಎಂದು ಮಾವ ಅವಳ ಪರ ವಹಿಸಿದರು. ಅತ್ತೆಯ ಅನುಮಾನಕ್ಕಿಂತ ಮಾವನ ಆ ಕ್ಷಮೆ ಗುಬ್ಬಿಯನ್ನು ಹೆಚ್ಚು ಇರಿಯಿತು.

ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಮಗುಚಿತ್ತು. ಅತ್ತೆ ಬಗ್ಗಿ ಮಂಚದ ಕೆಳಗೆ ಪೊರಕೆ ಆಡಿಸುತ್ತಿದ್ದರು.

“ಏನು ಹುಡುಕ್ತಿದೀರ ಅತ್ತೆ?”

“ಕಸ ಗುಡಿಸ್ತಿದೀನಿ.”

“ದಿಂಬಿನ ಒಳಗೂ ಕಸ ಇತ್ತಾ?”

ಅತ್ತೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಸೊಸೆಯ ಹೊಟ್ಟೆಯನ್ನು ನೋಡಿದರು. “ನನಗೆ ಮೊಮ್ಮಗು ಬೇಕು ಕಣೇ. ಅದಕ್ಕೆ ದಿಂಬೂ ಬಿಚ್ತೀನಿ, ಗೋಡೆನೂ ಒಡೀತೀನಿ.”

ಗುಬ್ಬಿ ಯಾರಿಗೂ ಹೇಳದಿದ್ದ ಮಾತೊಂದು ಇತ್ತು. ಆ ಕೋಣೆಗೆ ಬಂದಂದಿನಿಂದ, ಬೆಳಿಗ್ಗೆ ಎಚ್ಚರವಾದಾಗ ಅವಳ ತುಟಿ ಸಿಹಿಯಾಗಿರುತ್ತಿತ್ತು. ಮೊದಮೊದಲು ಕನಸಿನ ರುಚಿಯೆಂದುಕೊಂಡಳು. ಒಂದು ದಿನ ಬೆರಳಿಂದ ತುಟಿಯನ್ನು ಒರೆಸಿ ನಾಲಗೆಗೆ ಮುಟ್ಟಿಸಿದಳು, ಕನಸಾಗಿರಲಿಲ್ಲ.

ತಡೆಯಲಾರದೆ ಗಂಡನಿಗೆ ಹೇಳಿದಳು. ಅವನು ಮಹಡಿಯಲ್ಲಿ ಮಲಗುತ್ತಿದ್ದ; ಈ ಕೋಣೆಯಲ್ಲಿ ಎರಡನೆಯ ಹಾಸಿಗೆಗೆ ಜಾಗವಿರಲಿಲ್ಲ. ಬೆಳಗಿನ ಗಾಡಿಗೆ ಡಬ್ಬಿ ಏರಿಸುತ್ತಿದ್ದವನು ಕೈ ನಿಲ್ಲಿಸಿದ.

“ತುಟಿ ಸಿಹಿ ಅಂದ್ರೆ?”

“ಸಕ್ಕರೆ ತಿಂದ ಹಾಗೆ. ರೀ, ನಾನು ನಿದ್ದೇಲಿ ಎದ್ದು ಓಡಾಡ್ತೀನಾ?”

ಅವನು ಸುತ್ತ ನೋಡಿದ. “ಈ ಮಾತು ಅಮ್ಮನ ಹತ್ರ ಆಡ್ಬೇಡ.”

“ನೀವು ನನ್ನನ್ನ ನಂಬ್ತೀರಾ?”

“ನಂಬ್ತೀನಿ,” ಎಂದ ಅವನು. ಆದರೆ ಆ ಸಂಜೆ ಪೆಪ್ಪರಮೆಂಟಿನ ಕಪಾಟಿಗೆ ಬೀಗವೊಂದು ಹೊಸದಾಗಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ತೋಳಿನಿಂದ ತೆಗೆದ ರಕ್ತ ಅಷ್ಟೇನೂ ಕೆಟ್ಟದ್ದು ಹೇಳಲಿಲ್ಲ. ನರ್ಸ್ ಯಂತ್ರದ ಹಳೆಯ ಸಂಖ್ಯೆಗಳನ್ನು ಒತ್ತಿ ಒತ್ತಿ ನೋಡಿ ನಿಟ್ಟುಸಿರು ಬಿಟ್ಟಳು.

“ನಿಮ್ಮಂಥೋರನ್ನ ದಿನಾ ನೋಡ್ತೀನಮ್ಮ. ಇಲ್ಲಿಗೆ ಬರೋ ದಿನ ಉಪವಾಸ, ಮನೇಲಿ ಔತಣ. ನನಗೆ ಸುಳ್ಳು ಹೇಳಿದ್ರೆ ನನಗೇನೂ ನಷ್ಟ ಇಲ್ಲ.”

ಡಾಕ್ಟರಮ್ಮ ದನಿ ಏರಿಸಲಿಲ್ಲ. ಮನೆಯ ಯಂತ್ರದ ಸಂಖ್ಯೆಗಳನ್ನೇ ನಂಬಿ ಇನ್ಸುಲಿನ್ ಬರೆದುಕೊಟ್ಟು, ಸಂಖ್ಯೆ ಇಳಿಯದಿದ್ದರೆ ಪ್ರಮಾಣ ಏರಿಸಬೇಕಾಗುತ್ತದೆಂದೂ, ಇನ್ನೂರು ದಾಟಿದರೆ ಇಷ್ಟು ಹೆಚ್ಚಿಗೆ ಚುಚ್ಚಬೇಕೆಂದೂ ಗಂಡನಿಗೆ ತಿಳಿಸಿದರು. ಗುಬ್ಬಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ತನ್ನ ಬಗ್ಗೆ ನಡೆಯುವ ಮಾತುಗಳಲ್ಲಿ ತಾನೊಬ್ಬಳು ಬೇಡವಾದ ಸಾಕ್ಷಿಯೆಂಬುದು ಅವಳಿಗೆ ಆಗಲೇ ರೂಢಿಯಾಗಿತ್ತು.

ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತಳು.

“ಅತ್ತೆ, ರಾತ್ರಿ ನನ್ನ ಕೋಣೆಗೆ ಹೊರಗಿನಿಂದ ಬೀಗ ಹಾಕಿ. ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ.”

ಅತ್ತೆ ಕಾಯಿಪಲ್ಲೆ ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟರು. “ಹುಚ್ಚೇನೇ ನಿನಗೆ?”

“ಹುಚ್ಚೋ ಅಲ್ವೋ ಗೊತ್ತಾಗಲಿ ಅಂತಾನೇ ಕೇಳ್ತಿದೀನಿ.”

ಬೀಗ ಬಿತ್ತು. ಬೆಳಿಗ್ಗೆ ಅತ್ತೆಯೇ ತೆರೆದು, ಕೋಣೆಯನ್ನು ಮೂಲೆ ಮೂಲೆ ಶೋಧಿಸಿ, ಗುಬ್ಬಿಯನ್ನು ಹಿತ್ತಲಿಗೆ ಕರೆದೊಯ್ದು ಕೈ ತೊಳೆಸಿ, ಮತ್ತೆ ಕರೆತಂದು, ಟವೆಲಿನಿಂದ ಒರೆಸಿ ಕೂರಿಸಿ, ತಾವೇ ಬೆರಳು ಚುಚ್ಚಿದರು. ಖಾಲಿ ಹೊಟ್ಟೆ. ನೂರ ಎಪ್ಪತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯ ಕಣ್ಣಿನಲ್ಲಿದ್ದ ಕೋಪವೆಲ್ಲ ಆವಿಯಾಗಿ, ಆ ಜಾಗದಲ್ಲಿ ಬೇರೇನೋ ಬಂದು ಕುಳಿತಿತ್ತು. ಗುಬ್ಬಿಗೆ ಕೋಪವೇ ವಾಸಿಯೆನಿಸಿತು.

ಆ ದಿನದಿಂದ ಅತ್ತೆ ಬಯ್ಯುವುದನ್ನು ನಿಲ್ಲಿಸಿದರು. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಒದೆತ ಎಣಿಸುವುದನ್ನೂ ನಿಲ್ಲಿಸಿದರು. ಊಟ ಬಡಿಸುವಾಗ ತಟ್ಟೆಯನ್ನು ತುಸು ದೂರದಿಂದಲೇ ತಳ್ಳುತ್ತಿದ್ದರು. ಹಂಡೆಯ ಬಳಿ ಅವರು ಮಾವನಿಗೆ ಹೇಳುತ್ತಿದ್ದುದು ಬಾಗಿಲ ಮರೆಯಿಂದ ಗುಬ್ಬಿಯ ಕಿವಿಗೆ ಬಿತ್ತು.

“ಇವಳು ತಿನ್ತಿಲ್ಲ ಕಣ್ರೀ. ನಾನೇ ಬೀಗ ಹಾಕ್ತೀನಲ್ಲ. ಒಳಗಿರೋದು ಏನೋ ಮಾಡ್ತಾ ಇದೆ. ಒಳಗೇ ಪಾಕ ಕಾಯ್ತಾ ಇದೆ.”

“ಥೂ, ಬಿಡ್ತು ಅನ್ನು.”

“ನೀವು ಅವಳನ್ನ ನೋಡಿದೀರಾ? ಬಡಕಲಾಗಿ ಹೋಗಿದಾಳೆ. ಸಕ್ಕರೆ ಮಾತ್ರ ಏರ್ತಾನೇ ಇದೆ. ಯಾರದ್ದು ಆ ಸಕ್ಕರೆ?”

ಪಾಕದಯ್ಯ ಪಾಕ ತಿರುವುವುದನ್ನು ಮರೆತರು. ಹಂಡೆಯ ಪಾಕ ಹದ ಮೀರಿ ಕಂದುಬಣ್ಣಕ್ಕೆ ತಿರುಗಿ, ಅಂದಿನ ಒಂದು ಹಂಡೆ ಪೂರ್ತಿ ಕೆಟ್ಟುಹೋಯಿತು. ಅವರ ಕೈಯಲ್ಲಿ ಪಾಕ ಸುಟ್ಟದ್ದನ್ನು ಮನೆಯವರು ಕಂಡಿರಲೇ ಇಲ್ಲ.

ಗುಬ್ಬಿ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತಳು. ಒಳಗೆ ಮಗು ಹೊರಳಿತು. ಮೊದಲ ಸಲ ಅವಳಿಗೆ ಅದರ ಹೊರಳಾಟ ಹಿತವೆನಿಸಲಿಲ್ಲ. ಗೋಡೆಯಾಚೆ ಗಿರಣಿ ಗುಂಯ್ ಎನ್ನುತ್ತಲೇ ಇತ್ತು. ತುಟಿ ನೆಕ್ಕಿಕೊಳ್ಳಬಾರದೆಂದು ಹಲ್ಲು ಕಚ್ಚಿ ಕುಳಿತಳು; ಆದರೂ ನಾಲಗೆ ತಾನಾಗಿ ಹೊರಬಂತು.

ಇನ್ಸುಲಿನ್‌ನ ಪ್ರಮಾಣ ಏರಿತು, ಮತ್ತೆ ಏರಿತು. ಸಂಖ್ಯೆ ಕಂಡು ಹೆದರಿದವಳು ಊಟವನ್ನು ಇನ್ನಷ್ಟು ಕುಗ್ಗಿಸಿದಳು. ಗಿರಾಕಿಗಳ ಬೇಡಿಕೆ ಹೆಚ್ಚಿ ಗಿರಣಿ ನಸುಕಿನಿಂದಲೇ ಓಡುತ್ತಿದ್ದ ಒಂದು ಬೆಳಿಗ್ಗೆ, ಸೂಜಿ ಹಾಕಿಸಿಕೊಂಡು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಕೈ ನಡುಗತೊಡಗಿತು. ಬೆನ್ನಮೇಲೆ ತಣ್ಣನೆಯ ಬೆವರು ಹರಿಯಿತು. ಗೋಡೆ ಹತ್ತಿರ ಬಂದಂತೆ, ಗವಾಕ್ಷಿ ದೂರ ಸರಿದಂತೆ ಕಂಡಿತು. ಕರೆಯಬೇಕೆಂದು ಬಾಯಿ ತೆರೆದರೆ ಅತ್ತೆ ಎಂಬ ಶಬ್ದ ನೆನಪಿಗೇ ಬರಲಿಲ್ಲ. ನೀರಿನ ಚೊಂಬು ಉರುಳಿದ ಸದ್ದಿಗೆ ಮೂವರೂ ಓಡಿಬಂದರು.

“ಬೆವರ್ತಾ ಇದಾಳೆ. ಮೊದಲು ಮೆಷಿನ್ ತಗೊಳೋ!”

ಅತ್ತೆ ಟವೆಲಿನಿಂದ ಅವಳ ಎರಡೂ ಕೈಗಳ ಬೆವರನ್ನೊರೆಸಿದರು. ಗಂಡ ಬೆರಳು ಚುಚ್ಚಿದ. ಮೂರು ತಲೆಗಳು ಆ ಪುಟ್ಟ ಗಾಜಿನ ಮೇಲೆ ಬಾಗಿದವು.

“ಇನ್ನೂರ ಮೂವತ್ತು!”

“ಸಕ್ಕರೆ,” ಎಂದಳು ಗುಬ್ಬಿ. ದನಿ ಅವಳದಾಗಿರಲಿಲ್ಲ, ಎಳೆಮಗು ಕೇಳಿದಂತಿತ್ತು. “ಸಕ್ಕರೆ ಕೊಡಿ.”

ಮಾವ ಎರಡು ಹೆಜ್ಜೆ ಹಿಂದೆ ಸರಿದರು.

“ಕೇಳಿದ್ರಾ?” ಅತ್ತೆಯ ಮುಖ ಬಿಳಿಚಿಕೊಂಡಿತ್ತು. “ಅವಳಲ್ಲ ಕೇಳ್ತಿರೋದು.”

“ಅಮ್ಮ, ಸುಮ್ನಿರು. ಇನ್ನೂರು ದಾಟಿದ್ರೆ ಹೆಚ್ಚಿಗೆ ಹಾಕಿ ಅಂದಿದಾರೆ ಡಾಕ್ಟ್ರು.” ಗಂಡ ಸೂಜಿಗೆ ಔಷಧ ಎಳೆಯತೊಡಗಿದ.

“ಬೇಡ,” ಎಂದಳು ಗುಬ್ಬಿ. “ಸಕ್ಕರೆ.”

ಚುಚ್ಚಿದ ಬೆರಳಿನಿಂದ ರಕ್ತ ನಿಂತಿರಲಿಲ್ಲ. ಹನಿ ಹಾಸಿಗೆಯ ಮೇಲೆ ಬಿತ್ತು. ಮಕ್ಕಳ ಕೈಗೆ ಗಾಯವಾದಾಗ ಮಾಡುವ ಹಾಗೆ, ಯೋಚಿಸದೆಯೇ, ಅತ್ತೆ ಆ ಬೆರಳನ್ನು ತಮ್ಮ ಬಾಯಿಗಿಟ್ಟುಕೊಂಡರು.

ಇಟ್ಟುಕೊಂಡವರು ಹಾಗೇ ನಿಂತುಬಿಟ್ಟರು.

“ಸಿಹಿ ಇದೆ,” ಎಂದರು.

“ರಕ್ತ ಸಿಹಿನಾ?” ಮಾವ ಗೋಡೆಗೆ ಆತುಕೊಂಡರು.

ಅತ್ತೆ ಸೊಸೆಯ ಇನ್ನೊಂದು ಕೈ ಎಳೆದು, ಚುಚ್ಚದ ಬೆರಳನ್ನು ನೆಕ್ಕಿದರು. ಆಮೇಲೆ, ತಂದೆ ಮಗ ಇಬ್ಬರೂ ಬಾಯಿ ತೆರೆದು ನೋಡುತ್ತಿರುವಂತೆಯೇ, ಬಗ್ಗಿ ಮಂಚದ ಕಬ್ಬಿಣದ ಸರಳನ್ನು ನೆಕ್ಕಿದರು. ದಿಂಬಿನ ಅಂಚಿಗೆ ನಾಲಗೆ ಮುಟ್ಟಿಸಿದರು. ಕಿಟಕಿಯ ಕಟ್ಟೆ, ಬಾಗಿಲ ಚಿಲಕ, ಗೋಡೆ. ತಲೆಗೂದಲು ಕೆದರಿದ ಆ ವಯಸ್ಸಾದ ಹೆಂಗಸು ದನವೊಂದು ಕರುವನ್ನು ನೆಕ್ಕುವಂತೆ ಆ ಕೋಣೆಯನ್ನು ನೆಕ್ಕುತ್ತ ಹೋದರು. ಕೊನೆಗೆ ಹಾಸಿಗೆಯ ಮೇಲೆ ಬಿದ್ದಿದ್ದ ಟವೆಲನ್ನು ಎತ್ತಿ ಬಾಯಿಗೆ ತುರುಕಿಕೊಂಡರು. ಕಣ್ಣು ಮುಚ್ಚಿದರು.

“ಅಮ್ಮಾ!”

“ಸೂಜಿ ಕೆಳಗಿಡು.” ಟವೆಲನ್ನು ಉಗುಳಿ ಅತ್ತೆ ಚೀರಿದರು. “ಸೂಜಿ ಕೆಳಗಿಡೋ ಪಾಪಿ! ಅಡುಗೆಮನೆಯಿಂದ ನೀರು ತಾ!”

ಮಾವ ತಂದ ನೀರಿನಲ್ಲಿ ಗುಬ್ಬಿಯ ಬೆರಳನ್ನು ಅದ್ದಿ ಉಜ್ಜಿ, ಯಾವ ಬಟ್ಟೆಯನ್ನೂ ಮುಟ್ಟಿಸದೆ, ಊದಿ ಊದಿ ಒಣಗಿಸಿ ಮತ್ತೆ ಚುಚ್ಚಿದರು. ನಲವತ್ತೊಂದು. ಸಕ್ಕರೆ ಏರಿರಲಿಲ್ಲ, ತಳ ಕಂಡಿತ್ತು.

ಆ ಮನೆಯಲ್ಲಿ ಸಕ್ಕರೆಗೆ ಬರವೇ? ಪಾಕದಯ್ಯ ಹಿಡಿ ತುಂಬ ತಂದರು. ಅರ್ಧವನ್ನು ದಾರಿಯಲ್ಲೇ ಚೆಲ್ಲಿದರು. ಅತ್ತೆ ನೀರಿನಲ್ಲಿ ಕದಡಿ, ಸೊಸೆಯ ತಲೆಯನ್ನು ಎದೆಗಾನಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. “ನುಂಗಮ್ಮ. ನುಂಗು ನನ್ನ ಗುಬ್ಬಿ.” ಗಂಡ ಸೂಜಿಯನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮೊದಲು ಗುಬ್ಬಿಯ ಹೊಟ್ಟೆಯನ್ನು ಪರೀಕ್ಷಿಸಿದರು. ಮಗುವಿನ ಎದೆಬಡಿತ ಸರಿಯಿತ್ತು. ಬಸಿರಿನ ಸಕ್ಕರೆ ಇರುವುದು ನಿಜ, ಆದರೆ ಅದು ಮೃದುವಾದದ್ದು. ಹದವಾದ ಊಟ, ದಿನವೂ ನಡಿಗೆ ಸಾಕು, ಈಗಿನ ಮಟ್ಟಿಗೆ ಸೂಜಿ ಬೇಡ, ಪರೀಕ್ಷೆ ಮಾತ್ರ ಬಿಡಕೂಡದು ಎಂದರು. ಮನೆಯ ಗಾಳಿಯಲ್ಲೇ ಸಕ್ಕರೆ ಹಾರಾಡುತ್ತದೆಯೆಂದು ಯಾರೂ ತಮಗೆ ಹೇಳಲಿಲ್ಲವಲ್ಲ ಎಂದೂ ಕೇಳಿದರು.

“ನಮಗೆ ಅದು ಸಕ್ಕರೆ ಅಂತ ಕಾಣೋದೇ ಇಲ್ಲ ತಾಯಿ,” ಎಂದರು ಪಾಕದಯ್ಯ. “ನಮ್ಮ ಮಟ್ಟಿಗೆ ಅದು ಧೂಳು.”

ಔತಣದ ಮಾತಾಡಿದ್ದ ನರ್ಸ್ ಬಂದು ಗುಬ್ಬಿಯ ಹಾಸಿಗೆಯ ಚಾದರವನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಆದರೂ ಇನ್ನೊಮ್ಮೆ ಸರಿಮಾಡಿ ಹೋದಳು.

ಮನೆಗೆ ಮರಳಿದ ದಿನ ಅತ್ತೆ ಆ ಕೋಣೆಗೆ ಬೀಗ ಜಡಿದು, ಮಹಡಿಯಲ್ಲಿ ಹಾಸಿಗೆ ಹಾಸಿದ್ದರು. ಗಂಡ ಮೆಟ್ಟಿಲ ಬಳಿ ಕೈ ಚಾಚಿದ. ಗುಬ್ಬಿ ಗೋಡೆ ಹಿಡಿದು ತಾನೇ ಹತ್ತಿದಳು.

“ಇನ್ನೂ ಕೋಪಾನಾ? ತಪ್ಪು ಮೆಷಿನ್‌ದು ಕಣೇ. ಟವೆಲ್‌ದು.”

“ಟವೆಲ್‌ದೇ.”

“ಮತ್ತೆ?”

“ನಾನು ಸಾಯ್ತಾ ಇದ್ದೆ. ಬಾಯಿ ಬಿಟ್ಟು ಕೇಳಿದೆ. ಮೂರು ಜನ ಇದ್ರಿ. ಮೂವರೂ ಮೆಷಿನ್ ನೋಡಿದ್ರಿ. ನನ್ನ ಮುಖ ಯಾರು ನೋಡಿದ್ರಿ?”

ಕೆಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು, ಅತ್ತೆಯೂ ಕೇಳಿಸಿಕೊಂಡಿದ್ದರು.

ಉಳಿದ ವಾರಗಳಲ್ಲಿ ಸಂಖ್ಯೆಗಳು ತೊಂಬತ್ತು, ನೂರ ಹದಿನೈದು ಎಂದು ಹದವಾಗಿ ನಡೆದವು. ಊಟದ ತಟ್ಟೆ ತುಂಬಿತು. ಅತ್ತೆಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತ್ತು: ಸೊಸೆಯ ಕೈಗೆ ಏನು ಕೊಡುವ ಮುಂಚೆಯೂ ನಾಲಗೆಯ ತುದಿಗೆ ಮುಟ್ಟಿಸಿ ನೋಡುವುದು. ಚಮಚ, ಲೋಟ, ಬಾಚಣಿಗೆ. ಮಾವ ಒಮ್ಮೆ, “ನನ್ನನ್ನೂ ಒಂದ್ಸಲ ನೆಕ್ಕಿ ನೋಡೇ, ಸಿಹಿ ಉಳಿದಿದೆಯಾ ಅಂತ,” ಎಂದು ಹಾಸ್ಯ ಮಾಡಿದರು. ಯಾರೂ ನಗದಿದ್ದುದನ್ನು ಕಂಡು ಹಂಡೆಯ ಕಡೆ ಹೊರಟುಹೋದರು.

ಹೆರಿಗೆ ಮಧ್ಯಾಹ್ನವಾಯಿತು. ಹೆಣ್ಣುಮಗು, ಅತಿ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಒರೆಸಿ ಸುತ್ತಿ ತಾಯಿಯ ಎದೆಯ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಒಬ್ಬ ನರ್ಸ್ ತಳ್ಳುಗಾಡಿಯಲ್ಲಿ ಯಂತ್ರವೊಂದನ್ನು ತಂದಳು.

“ತಾಯಿಗೆ ಸಕ್ಕರೆ ಇದ್ರೆ ಹುಟ್ಟಿದ ಮಗುವಿಗೆ ಕೆಲವು ಸಲ ಇಳಿದುಬಿಡುತ್ತೆ. ಹಿಮ್ಮಡಿ ಚುಚ್ಚಿ ನೋಡ್ಬೇಕು. ಹೆದರ್ಬೇಡಿ.”

ಒರೆಸಿ ಚುಚ್ಚಿದಳು. ಮಗು ಅಳಲಿಲ್ಲ, ಬಾಯನ್ನಷ್ಟೇ ಮುದುಡಿತು. ನರ್ಸಿನ ಹುಬ್ಬು ಗಂಟಿಕ್ಕಿತು. “ಕಡಿಮೆ ಇದೆ. ಈಗಲೇ ಹಾಲು ಕುಡಿಸಿ. ಆಮೇಲೆ ಮತ್ತೆ ನೋಡ್ತೀನಿ.”

ಗುಬ್ಬಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲು ಅದು ಹಿಡಿಯಲಿಲ್ಲ; ತುಟಿ ಸಡಿಲವಾಗಿತ್ತು, ಕೈ ತಣ್ಣಗಿತ್ತು. ಅವಳು ಅದರ ಕೆನ್ನೆ ತಟ್ಟಿದಳು, ಅಂಗಾಲು ಉಜ್ಜಿದಳು, ಹೆಸರಿಲ್ಲದ ಅದನ್ನು ಬಾಯಿಗೆ ಬಂದ ಹೆಸರಿನಿಂದೆಲ್ಲ ಕರೆದಳು. ಬಹಳ ಹೊತ್ತಿನ ಮೇಲೆ ಬಾಯಿ ಹುಡುಕಿತು, ಹಿಡಿಯಿತು, ಎಳೆಯಿತು.

ನರ್ಸ್ ಮತ್ತೆ ಬಂದು ಹಿಮ್ಮಡಿ ಚುಚ್ಚಿ, ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿದಳು. ಗಂಡ, ಅತ್ತೆ, ಮಾವ ಮೂವರೂ ಒಟ್ಟಿಗೆ ಆ ಕಡೆ ಬಾಗಿದರು. ಹಾಸಿಗೆಯಿಂದ ಗುಬ್ಬಿಗೆ ಕಂಡದ್ದು ಮೂರು ಬೆನ್ನುಗಳು.

“ಅಲ್ಲಿ ಅಲ್ಲ,” ಎಂದಳು ಗುಬ್ಬಿ.

ದನಿ ಮೆಲ್ಲಗಿತ್ತು. ಮೊದಲು ತಿರುಗಿದವರು ಅತ್ತೆ. ಅವರು ಹಾಸಿಗೆಯ ಪಕ್ಕ ಮಂಡಿಯೂರಿ, ಬಟ್ಟೆಯ ಅಂಚನ್ನು ಎರಡು ಬೆರಳಿಂದ ಸರಿಸಿ, ಮಗುವಿನ ಮುಖಕ್ಕೆ ಮುಖ ತಂದು ನೋಡಿದರು. ತುಟಿಯ ಬಣ್ಣ ನೋಡಿದರು, ಗಂಟಲ ಗುಟುಕು ನೋಡಿದರು, ಮೆಲ್ಲಗೆ ತೆರೆದ ಒಂದು ಕಣ್ಣನ್ನು ನೋಡಿದರು. ಗಂಡ ಬಂದು ಅವರ ಹಿಂದೆ ನಿಂತ. ಮಾವ ಕನ್ನಡಕ ಹಾಕಿಕೊಂಡರು.

ನರ್ಸ್ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಯಾರೂ ತಿರುಗಲಿಲ್ಲ.